ಹೆಬ್ಬೆಟ್ಟಿನ ಮೇಲೆ ನಾನು ಬರೆದದ್ದು

ಮೂರು ಜನ ಹೇಳಿದ ಮಾತನ್ನು ನಾನು ಬರೆಯಲಿಲ್ಲ. ಅವರು ಹೇಳದ ಮಾತನ್ನು ಬರೆದು, ಅದರ ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಇದು ನಡೆದು ನಾಲ್ಕು ವರ್ಷವಾಯಿತು. ಅಕ್ಕನನ್ನು ಕಾಪಾಡಲು ಹಾಗೆ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದೆ. ಅದೂ ಸುಳ್ಳು.

ನಾವು ಮಡಕಶಿರಾ ಕಡೆಯವರು. ಅಕ್ಕ ಓದಿ ಡಾಕ್ಟರಾದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವಳ ಓದಿಗಾಗಿ ತಮ್ಮ ಶಾಲೆ ಬಿಟ್ಟ ಎಂದು ಊರಲ್ಲಿ ಹೇಳುವವರಿದ್ದಾರೆ. ಹಾಗೇನಿಲ್ಲ — ಲೆಕ್ಕ ತಲೆಗೆ ಹತ್ತಲಿಲ್ಲ, ಬಿಟ್ಟೆ. ಟೈಲರ್ ಕೆಲಸ ಕಲಿತೆ. ಅಕ್ಕ ರಾಯದುರ್ಗದ ಆಸ್ಪತ್ರೆಯೊಂದಕ್ಕೆ ಸೇರಿದ ಮೇಲೆ ನಾನೂ ಹಿಂದೆಯೇ ಬಂದು ಜೀನ್ಸ್ ಹೊಲಿಯುವ ಕಡೆ ಸೇರಿದೆ. ಬೆನ್ನು ನೋವು ಬಂದಾಗ ಅಕ್ಕನೇ ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಬರೆಯುವ ಕೆಲಸ ಕೊಡಿಸಿದಳು. ಯಾವ ರೋಗಿಯನ್ನು ಯಾವ ಡಾಕ್ಟರ ಬಳಿ ಕಳಿಸಬೇಕು ಎಂದು ಚೀಟಿ ಹರಿದು ಕೊಡುವವನು ನಾನೇ.

ಡಾಕ್ಟರುಗಳೂ ಐದು ವರ್ಷಕ್ಕೊಮ್ಮೆ ತಮ್ಮ ನೋಂದಣಿಯನ್ನು ಹೊಸದು ಮಾಡಿಸಿಕೊಳ್ಳಬೇಕು. ಹೊಸ ವಿದ್ಯೆಯ ಕ್ಲಾಸುಗಳಿಗೆ ಹೋಗಿ ಬಂದ ಸರ್ಟಿಫಿಕೇಟುಗಳನ್ನು ತೋರಿಸಬೇಕು. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಅಷ್ಟಕ್ಕೇ ಬಿಡುವವರಲ್ಲ. ನೋಂದಣಿಯ ವರ್ಷ ಬಂದವರಿಗೆ ಕ್ಲಾಸಿಗೆ ಹೋಗಲು ರಜೆ ಕೊಟ್ಟು, ಅವರ ರೋಗಿಗಳನ್ನು ತಾವೇ ನೋಡುತ್ತಿದ್ದರು. ಆಮೇಲೆ ಮೂವತ್ತು ರೋಗಿಗಳಿಂದ ಅಭಿಪ್ರಾಯದ ಕಾಗದ ತುಂಬಿಸಿ, ಆ ಡಾಕ್ಟರ ಜೊತೆ ಬಾಗಿಲು ಹಾಕಿಕೊಂಡು ಒಂದು ತಾಸು ಕೂರುತ್ತಿದ್ದರು. ಕಾಗದಗಳನ್ನು ನನ್ನ ಕೈಗೆ ಕೊಡುವಾಗ ಅವರು ಅಂದದ್ದು ನೆನಪಿದೆ: “ಇದು ತಪ್ಪು ಹಿಡಿಯಾಕ ಅಲ್ಲಪ್ಪ. ನಮ್ಮ ಬೆನ್ನು ನಮಗ ಕಾಣಂಗಿಲ್ಲ, ಅದಕ್ಕ.”

ಆ ಕೆಲಸ ನನ್ನದಾಗಿರಲಿಲ್ಲ. ಅದನ್ನು ಮಾಡುತ್ತಿದ್ದ ನರ್ಸಮ್ಮ ಹೆರಿಗೆಗೆ ಹೋಗಿದ್ದಳು. ಅಕ್ಕನ ಕಾಗದಗಳು ಬೇರೆಯವರ ಕೈಗೆ ಹೋಗಬಾರದು ಎಂದು ನಾನೇ ಮುಂದೆ ಬಿದ್ದು ಕೇಳಿ ಇಸಿದುಕೊಂಡೆ. ಏಕೆಂದರೆ ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು.

ಹೊಲಿಗೆ ನೋಡಿ ಗೊತ್ತಾಗಿತ್ತು. ಅಕ್ಕ ಗಾಯಕ್ಕೆ ಹಾಕಿದ ಹೊಲಿಗೆ ಮೊದಲೆಲ್ಲ ಒಂದೇ ಅಳತೆಯಲ್ಲಿ ಸಾಲಾಗಿ ಇರುತ್ತಿತ್ತು. ಮಷೀನಿನಲ್ಲಿ ಹೊಲಿದ ಹಾಗೆ ಎಂದು ನಾನು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದವನು. ಆ ವರ್ಷ, ಹೊಲಿಗೆ ಬಿಚ್ಚಿಸಲು ಬಂದ ಒಬ್ಬ ಕೂಲಿಯವನ ಮೊಣಕಾಲು ನೋಡಿದೆ. ಒಂದು ಹತ್ತಿರ, ಒಂದು ದೂರ, ಒಂದು ಕಡೆ ಬಟ್ಟೆ ಎಳೆದ ಹಾಗೆ ಚರ್ಮ ಸುಕ್ಕಾಗಿತ್ತು. ಇಪ್ಪತ್ತು ವರ್ಷ ಹೊಲಿದವನಿಗೆ ಅದು ಏನೆಂದು ಯಾರೂ ಹೇಳಬೇಕಿಲ್ಲ. ಕೈ ನಿಲ್ಲುತ್ತಿಲ್ಲ. ಆಮೇಲೆ ಅವಳ ಬಲಗೈಯನ್ನೇ ನೋಡತೊಡಗಿದೆ — ಲೋಟ ಹಿಡಿಯುವಾಗ, ಪೆನ್ನು ಹಿಡಿಯುವಾಗ…

ರಾಯದುರ್ಗ ಆಂಧ್ರಕ್ಕೆ ಸೇರಿದ್ದರಿಂದ ಅಭಿಪ್ರಾಯದ ಕಾಗದ ತೆಲುಗಿನಲ್ಲಿತ್ತು. ಬರೆಯಲು ಬಾರದವರಿಗೆ ನಾನು ಬರೆದುಕೊಡಬೇಕು. ಭೈರವಾನಿತಿಪ್ಪದ ಕಡೆಯ ಒಬ್ಬ ಅಜ್ಜಿ, ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದುಕೊಂಡು ಬಂದಿದ್ದವಳು, ನನ್ನ ಪಕ್ಕದ ಬೆಂಚಿನ ಮೇಲೆ ಕೂತು ಹೇಳಿದಳು.

“ಡಾಕ್ಟರಮ್ಮ ಬಂಗಾರದಂತಾಕಿ ಬಿಡ್ರಿ. ಆದ್ರ ಅಕಿ ಕೈ ನಡಗತಾವ. ಮುಳ್ಳು ತೆಗಿಯಾಕ ಐದು ಸಲ ಚುಚ್ಚಿದ್ಲು. ನನಗಿಂತ ಅಕಿಗೇ ಬೆವರು ಬಂತು, ಪಾಪ. ಅದನ್ನ ಬರಕೋರಿ. ಅಕಿನ್ನೂ ಯಾರರ ನೋಡಬೇಕಲ್ಲ.”

ನಾನು ‘ತುಂಬಾ ಚೆನ್ನಾಗಿ ನೋಡಿದರು’ ಎಂದು ಬರೆದೆ. ಅಜ್ಜಿ ಬಗ್ಗಿ ನೋಡಿದಳು.

“ಅಷ್ಟುದ್ದ ಹೇಳೀನಿ, ಒಂದ ಸಾಲಿನಾಗ ಹಿಡೀತೇನ್ರಿ?”

“ತೆಲುಗಲ್ಲಿ ಹಿಡಿಸ್ತೈತೆ ಕಣವ್ವ,” ಅಂದೆ.

ಅವಳು ನಕ್ಕು, ಹೆಬ್ಬೆಟ್ಟು ಒತ್ತಿ ಹೋದಳು. ಇನ್ನಿಬ್ಬರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಅವರಿಗೂ ಅದೇ ಸಾಲು ಬರೆದೆ.

ಮೂವತ್ತು ಕಾಗದ ಮುಗಿದ ದಿನ ಅಕ್ಕ ನನ್ನ ಮೇಜಿನ ಬಳಿ ಬಂದು ನಿಂತಳು. ಬಲಗೈ ಬಿಳಿ ಕೋಟಿನ ಜೇಬಿನಲ್ಲಿತ್ತು.

“ಏನಂತಾರೋ ಜನ?”

“ಎಲ್ರೂ ಒಳ್ಳೇದೇ ಅಂತಾವ್ರೆ ಕಣಕ್ಕ.”

ಅವಳು ಹೋಗಲಿಲ್ಲ. ಮತ್ತೆ ಕೇಳಿದಳು, “ಯಾರೂ ಏನೂ ಅನ್ನಲಿಲ್ವೇನೋ?”

“ಯಾರೂ ಇಲ್ಲ.”

ಹೊಗಳಿಕೆಯನ್ನು ಇನ್ನೊಮ್ಮೆ ಕೇಳುವ ಆಸೆ ಎಂದುಕೊಂಡೆ. ಈಗ ಅನ್ನಿಸುತ್ತದೆ — ತಾನಾಗಿ ಹೇಳಲಾರದ ಮಾತನ್ನು ಬೇರೆ ಯಾರಾದರೂ ಹೇಳಿರಲಿ ಎಂದು ಅವಳು ಕಾದಿದ್ದಳು. ಬಂದ ಆ ಮಾತನ್ನು ನಾನು ಬಾಗಿಲಲ್ಲೇ ತಡೆದಿದ್ದೆ. ದೊಡ್ಡ ಡಾಕ್ಟರ ಜೊತೆಗಿನ ಮಾತು ಕಾಲು ತಾಸಿಗೇ ಮುಗಿಯಿತು. ನೋಂದಣಿಯೂ ಆಯಿತು.

ಏಳು ತಿಂಗಳ ನಂತರ ಗಂಗಮ್ಮ ಬಂದಳು. ಜೀನ್ಸ್ ಹೊಲಿಯುವ ಹೆಂಗಸು. ಕಣೇಕಲ್ಲಿನಿಂದ ಬರುವಾಗ ಆಟೊ ಮಗುಚಿ ಮೇಲ್ತುಟಿ ಸೀಳಿತ್ತು. ಆ ಹೊತ್ತಿಗೆ ಅಕ್ಕ ಒಬ್ಬಳೇ ಇದ್ದಳು. ಇನ್ನೊಬ್ಬ ಡಾಕ್ಟರು ಅರ್ಧ ತಾಸಿನಲ್ಲಿ ಬರುವವರಿದ್ದರು. ರಕ್ತ ನಿಂತಿತ್ತು, ಅರ್ಧ ತಾಸು ಕೂರಿಸಬಹುದಿತ್ತು. ತುಟಿಯ ಹೊಲಿಗೆ ಎಂದರೆ ಚೌಕಳಿ ಬಟ್ಟೆಯ ಗೆರೆಗೆ ಗೆರೆ ಕೂಡಿಸಿದ ಹಾಗೆ, ಒಂದು ಎಳೆಯಷ್ಟು ತಪ್ಪಿದರೂ ಕಾಣುತ್ತದೆ ಎಂದು ನನಗೆ ತಿಳಿಯದ್ದಲ್ಲ. ಆದರೂ, ಅಕ್ಕ ಒಳಗಿರುವಾಗ ಕೂರಿಸಿದರೆ ಏಕೆ ಎಂದು ಕೇಳುತ್ತಾರೆ ಎಂದು ಹೆದರಿ, ಅವಳ ಹೆಸರಿಗೇ ಚೀಟಿ ಹರಿದು ಕೊಟ್ಟೆ.

ಗೆರೆ ತಪ್ಪಿತು. ಗಾಯ ಮಾಯ್ದ ಮೇಲೂ, ಕುಡಿಯುವಾಗ ತುಟಿಯ ಆ ಮೂಲೆಯಿಂದ ನೀರು ಸೋರುತ್ತದೆ. ಅವಳು ಗಲಾಟೆ ಮಾಡಲಿಲ್ಲ. ಹೊಲಿಗೆ ಬಿಚ್ಚಿದ ದಿನ ಕನ್ನಡಿ ಹಿಡಿದುಕೊಂಡು ಅಕ್ಕನ ಮುಂದೆ ಒಂದೇ ಮಾತು ಅಂದಳು: “ಪ್ಯಾಂಟ್ ಹಿಂಗ ಹೊಲಿದಿದ್ರ ನಮ್ಮ ಮೇಸ್ತ್ರಿ ಮುಖಕ್ಕ ಒಗಿತಿದ್ದ ನೋಡ್ರಿ ಅಮ್ಮ.”

ಅಕ್ಕ ಅಂದೇ ದೊಡ್ಡ ಡಾಕ್ಟರ ಬಳಿ ಹೋಗಿ ತನ್ನ ಕೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದಳು. ನಾನು ಅವಳ ಕಾಗದಗಳ ಫೈಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಬೈಯಲಿಲ್ಲ. “ಒಬ್ಬ ರೋಗಿನೂ ಹೇಳಿಲ್ಲ. ನೀವರ ಹೇಳಬೇಕಿತ್ತಲ್ಲಮ್ಮ,” ಅಂದರು. “ಹೊಲಿಗಿ ಕೆಲಸ ಇನ್ನೊಬ್ರು ಮಾಡ್ತಿದ್ರು. ನೀವು ಜ್ವರ, ಸಕ್ಕರಿ ಕಾಯಿಲೆ ನೋಡ್ತಿದ್ರಿ. ಅಷ್ಟ ಇತ್ತು.”

ಅಷ್ಟೇ ಇತ್ತು. ನಾನು ಹೆದರಿದ್ದೆಲ್ಲ — ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ನನ್ನನ್ನು ಕಂಡರೆ ‘ಡಾಕ್ಟರಮ್ಮನ ತಮ್ಮ’ ಎಂದು ಜಾಗ ಬಿಡುವವರು ಬಿಡುವುದಿಲ್ಲ… ಹೌದು, ಈ ಕೊನೆಯದೇ ಹೆಚ್ಚು ಹೆದರಿಸಿದ್ದು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಅವಳೂ ಮುಚ್ಚಿಟ್ಟಳು, ನಿಜ. ಆದರೆ ರೋಗಿಗಳು ಹೇಳಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಎಲ್ಲರಿಗೂ ಮೋಸ ಮಾಡಿದವಳು ಎಂಬ ಮಾತು ಅವಳೊಬ್ಬಳ ತಲೆಗೇ ಬಂತು.

ಈಗ ಅಕ್ಕ ಮಾತ್ರೆ ತೆಗೆದುಕೊಳ್ಳುತ್ತಾಳೆ, ಹೊಲಿಗೆ ಹಾಕುವುದಿಲ್ಲ. ಈ ಸಲ ಅವಳ ನೋಂದಣಿಯ ವರ್ಷ ಮತ್ತೆ ಬರುತ್ತಿದೆ. ಕಾಗದಗಳನ್ನು ನೀನೇ ತುಂಬಿಸು, ನಿನಗೆ ರೂಢಿ ಇದೆ ಎಂದು ದೊಡ್ಡ ಡಾಕ್ಟರು ಹೋದ ವಾರ ಹೇಳಿದರು.

ನಿನ್ನೆ ಗಂಗಮ್ಮನ ಮನೆಗೆ ಹೋಗಿದ್ದೆ. ಹೊಲಿಯುತ್ತಿದ್ದಳು. ಮಷೀನಿನ ಸದ್ದಿನ ನಡುವೆಯೇ ಎಲ್ಲ ಹೇಳಿದೆ. ಅವಳು ಪೆಡಲ್ ತುಳಿಯುವುದನ್ನು ನಿಲ್ಲಿಸಿದಳು.

“ಅಂದ್ರ, ಅವತ್ತು ನನ್ನ ಒಳಗ ಕಳಿಸಿದಾಗ ನಿಮಗ ಗೊತ್ತಿತ್ತು.”

“ಗೊತ್ತಿತ್ತಮ್ಮ.”

“ನಾನು ಡಾಕ್ಟರಮ್ಮಗ ಶಾಪ ಹಾಕೀನಲ್ರಿ, ಮೂರು ವರ್ಷದ ಮ್ಯಾಲ,” ಅಂದಳು.

ಮತ್ತೆ ಪೆಡಲ್ ತುಳಿದಳು. ನಾನು ಎದ್ದು ಬಂದೆ.

ನಾಳೆ ಬೆಳಿಗ್ಗೆ, ರೋಗಿಗಳು ಬರುವ ಮೊದಲು, ದೊಡ್ಡ ಡಾಕ್ಟರ ಕೋಣೆಯಲ್ಲಿ ಈ ಬರಹವನ್ನು ಓದುತ್ತೇನೆ. ಅಕ್ಕನೂ ಬರುತ್ತಾಳೆ, ಏತಕ್ಕೆ ಕರೆದಿದ್ದೇನೆ ಎಂದು ಅವಳಿಗೆ ಗೊತ್ತಿಲ್ಲ. ಚೀಟಿಯ ಪುಸ್ತಕವನ್ನು ಅವರ ಮೇಜಿನ ಮೇಲೆ ಇಟ್ಟು ಓದಲು ನಿಲ್ಲುತ್ತೇನೆ. ಓದಿ ಮುಗಿದ ಮೇಲೆ ಇದರ ಕೆಳಗೆ ನನ್ನ ಹೆಬ್ಬೆಟ್ಟು ಒತ್ತಿ ಅಕ್ಕನ ಕೈಗೆ ಕೊಡುತ್ತೇನೆ.