ಗೇರಿನಲ್ಲಿ ಬಿಟ್ಟವನು

ಸವಿತಾ, ಆ ಟ್ರ್ಯಾಕ್ಟರನ್ನು ಗೇರಿನಲ್ಲಿ ಬಿಟ್ಟವನು ನಾನು. ನೀನಲ್ಲ. ನಿನ್ನ ಗಂಡನ ಕಾಲಿನ ಮೇಲೆ ಚಕ್ರ ಹತ್ತಿದ್ದು ಯಾರಿಂದ ಎಂದು ಅವತ್ತೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಗುಬ್ಬಿಯಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೆ. ತೆಂಗಿನ ಸಾಲುಗಳ ನಡುವೆ ನುಗ್ಗುವ ಪುಟ್ಟ ಗಾಡಿ. ನೋಡಲು ಮುದ್ದು, ಒಳಗೆಲ್ಲ ರೋಗ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ಸರಿ ಮಾಡಿಸದೆ ಗೇರಿನಲ್ಲೇ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹಾಗೆ ಅದರಲ್ಲೊಂದು ಸ್ವಿಚ್ ಇರುತ್ತದೆ. ಅದೂ ಕೆಟ್ಟಿತು. ಕಿತ್ತೆಸೆದು ವೈರನ್ನು ಡೈರೆಕ್ಟ್ ಕೊಟ್ಟೆ, ಗೇರಿನಲ್ಲಿದ್ದಾಗ ಕೀ ತಿರುಗಿಸಿದರೆ ಗಾಡಿ ಮುನ್ನುಗ್ಗುತ್ತದೆಂದು ಗೊತ್ತಿದ್ದೂ. ಆಮೇಲೆ ಸೀಟು ಹತ್ತುವ ಗೋಜೂ ಬೇಡವಾಯಿತು. ಕೈಯಲ್ಲೇ ನ್ಯೂಟ್ರಲ್ ಮಾಡಿ, ನೆಲದಲ್ಲಿ ನಿಂತೇ ಕೀ ತಿರುಗಿಸುತ್ತಿದ್ದೆ. ನಿನ್ನ ಲೋಕೇಶ ಅದನ್ನೇ ನೋಡಿ ಕಲಿತ. ನನ್ನ ಹೆಂಡತಿಯ ತಮ್ಮ, ಭಾವ ಭಾವ ಎಂದು ನಂಬಿದವನು — ಅವನಿಗೇ ಮಾರಿದೆ. "ಕಣ್ಮುಚ್ಕೊಂಡು ತಗೋ ಕಣೋ, ಒಂದ್ ರೂಪಾಯಿ ಕೆಲ್ಸ ಇಲ್ಲ" ಅಂದೆ. ಸ್ವಂತದವರಿಗೆ ಮೋಸ ಮಾಡುವುದು ಬಲು ಸಲೀಸು, ಅವರು ಬಾನೆಟ್ ಎತ್ತಿಯೂ ನೋಡುವುದಿಲ್ಲ.

ಹೆಬ್ಬೂರಿನ ನಿಮ್ಮ ಅಂಗಳಕ್ಕೆ ನಾನೇ ಓಡಿಸಿಕೊಂಡು ಬಂದೆ. ಇಳಿಜಾರು, ಎಂದಿನಂತೆ ಗೇರಿಗೆ ಹಾಕಿ ಇಳಿದೆ. ನೀನು ಅರಿಶಿನ ಕುಂಕುಮ ಹಚ್ಚಿದೆ. ಮಗಳು ಹಟ ಮಾಡಿದಳೆಂದು ನೀನೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೀಟಿನಲ್ಲಿ ಕುಳಿತೆ, ಫೋಟೊ ತೆಗೆಸಿಕೊಂಡು ಇಳಿದೆ. ಲೋಕೇಶ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಗೇರ್ ನೋಡದೆ, ಪಕ್ಕದಲ್ಲಿ ನಿಂತೇ ಕೀಗೆ ಕೈ ಹಾಕಿದ. ತಡಿಯೋ ಅನ್ನಬೇಕಿತ್ತು — ನೀನು ಕೊಟ್ಟ ಕೊಬ್ಬರಿ ಸಕ್ಕರೆಯನ್ನು ಬಾಯಿತುಂಬ ತುಂಬಿಕೊಂಡು ನಿಂತಿದ್ದೆ. ಗಾಡಿ ಜಿಗಿಯಿತು. ಹಿಂದಿನ ಚಕ್ರ ಅವನ ಪಾದದ ಮೇಲೆ...

ತುಮಕೂರಿನ ಆಸ್ಪತ್ರೆಯ ಹೊರಗೆ ನಿನ್ನ ಅತ್ತೆ ಕೇಳಿದರು, "ಗೇರ್‌ಗೆ ಯಾರ್ ಹಾಕಿದ್ರು?"

ಎಲ್ಲರೂ ನನ್ನನ್ನು ನೋಡಿದರು. ನಾನೆಂದೆ, "ಸವಿತಾ ಮೇಲ್ ಕೂತಿದ್ಲಲ್ಲ, ಲಿವರ್‌ಗೆ ಕಾಲ್ ಗೀಲ್ ತಗುಲ್ತೇನೋ."

ಅಷ್ಟೇ. ನೀನು ಇಲ್ಲ ಎನ್ನಲಿಲ್ಲ. ನಿನಗೇ ಅನುಮಾನ ಬಂದುಬಿಟ್ಟಿತ್ತು. "ನಂದೇ ತಪ್ಪಿರ್ಬೇಕು ಅಣ್ಣ" ಎಂದು ನನ್ನೆದುರೇ ಅತ್ತುಬಿಟ್ಟೆ. ನಾನು — ಹೊಲಸು ಮನುಷ್ಯ — ನಿನಗೆ ಸಮಾಧಾನ ಹೇಳಿದೆ. ಲೋಕೇಶನ ಬೆರಳುಗಳು ಹೋದವು. ನಿನ್ನ ಅತ್ತೆಯ ಬಾಯಿ ಅಂದಿನಿಂದ ಮುಚ್ಚಿಲ್ಲ.

ಮೊನ್ನೆ ಅವನು ಸ್ಕೂಟರ್ ಕೊಂಡ. ಪೂಜೆಯ ಹೊತ್ತಿಗೆ, ಈಗ ಹೈಸ್ಕೂಲಿನಲ್ಲಿರುವ ಆ ಮಗಳು ಅಂದಳು, "ಅಮ್ಮ, ನೀನ್ ಮುಟ್ಬೇಡ, ಆ ಕಡೆ ನಿಂತ್ಕೋ." ನೀನು ಆಗಲೇ ಗೇಟಿನ ಹೊರಗಿದ್ದೆ. ಅದನ್ನು ಕಂಡು ನನಗೆ ಅನ್ನ ಇಳಿಯಲಿಲ್ಲ ಎಂದರೆ ಅದೂ ಸುಳ್ಳು. ಹೊಟ್ಟೆತುಂಬ ಉಂಡೆ, ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ. ಬಡಿಸಿದವಳು ನೀನೇ.

ಕ್ಷಮೆ ಕೇಳುತ್ತಿಲ್ಲ, ಕೊಡಲೂ ಬೇಡ. ಭಾನುವಾರ ಬರುತ್ತೇನೆ. ಮೊದಲು ನಿನ್ನ ಮಗಳಿಗೆ ಹೇಳುತ್ತೇನೆ, ನಿನ್ನ ಅತ್ತೆಯ ಮುಂದೆ, ಲೋಕೇಶನ ಮುಂದೆ. ಅದಾದ ಮೇಲೆ ಆ ಮನೆಯಲ್ಲಿ ನನಗೆ ಯಾರೂ ಎಲೆ ಹಾಕುವುದು ಬೇಡ.