ಹುಟ್ಟಿದಾಗಿನ ತೂಕ ಕೇಳುತ್ತಿದ್ದ ಸಿಸ್ಟರ್

ಕುಣಿಗಲ್ಲಿನ ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಬಿಪಿ ನೋಡುವ ಮೊದಲು ಕೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಶುಗರ್ ಬಂದವರನ್ನೆಲ್ಲ "ಹುಟ್ದಾಗ ಎಷ್ಟು ತೂಕ ಇದ್ರಿ?" ಎಂದು ಕೇಳುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕಡ್ಡಿಯಂತಿದ್ದ ನನಗೆ ಮೂವತ್ನಾಲ್ಕನೇ ವಯಸ್ಸಿಗೇ ಶುಗರ್ ಬಂತು. ಸಿಸ್ಟರ್ ನನ್ನನ್ನೂ ಅದನ್ನೇ ಕೇಳಿದಾಗ, ಜೊತೆಗಿದ್ದ ಅವ್ವ ಅಂಗೈ ಚಾಚಿ, "ಇಷ್ಟೇ ಇದ್ದ ಕಣವ್ವ. ಬಸುರೀಲಿ ನಂಗೂ ಅರೆಹೊಟ್ಟೆ" ಎಂದಳು.

ಹಾಗೆ ಹುಟ್ಟಿದವರಿಗೆ ಮುಂದೆ ಶುಗರ್, ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚು ಎಂದರು ಸಿಸ್ಟರ್.

ಅವ್ವ ಅತ್ತುಬಿಟ್ಟಳು. "ಹಂಗಾರೆ ನಾನೇ ಮಾಡ್ಬುಟ್ನಾ?"

"ಅಷ್ಟು ಸಣ್ಣ ಕೂಸನ್ನ ಉಳಿಸ್ಕೊಂಡಿದ್ದು ಯಾರಮ್ಮ? ನೀವೇ ತಾನೆ? ಇನ್ಮೇಲೆ ಇವ್ರು ಬಾಯಿ ಕಟ್ಲಿ, ದಿನಾ ನಡೀಲಿ."

ಮರುದಿನ ನಾನು ಕೆರೆ ಏರಿಯ ಮೇಲೆ ನಡೆಯಲು ಹೋದರೆ ಸಿಸ್ಟರ್ ಆಗಲೇ ಅಲ್ಲಿದ್ದರು. ಪಕ್ಕದಲ್ಲಿ, ನನಗಿಂತ ಮೊದಲೇ ಮನೆ ಬಿಟ್ಟಿದ್ದ ಅವ್ವ, ಸೆರಗು ಬಿಗಿದು ನಿಂತಿದ್ದಳು.