ಮೇಸ್ತ್ರಿಗಳ ವಿಮಾನಕ್ಕೆ ತಾಮ್ರದ ಪೈಪು

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಇಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು ಸಾಮಾನ್ಯವಾಗಿ ಬೆಳಗಿನ ವಾಕಿಂಗು, ಬಿ.ಪಿ. ಮಾತ್ರೆ ಅಂತ ತೆಪ್ಪಗಿರುತ್ತಾರೆ. ನಮ್ಮ ಮೇಸ್ತ್ರಿಗಳು ಮನೆಯ ಹಿಂದಿನ ಶೆಡ್ಡಿನಲ್ಲಿ ವಿಮಾನ ಕಟ್ಟಲು ಕೂತರು. ಅದೂ ಎರಡು ಸೀಟಿನದು. ನಡುವೆ ಹಾರಾಟದ ಲೈಸೆನ್ಸನ್ನೂ ಗಿಟ್ಟಿಸಿಕೊಂಡರು. ರೆಕ್ಕೆಗೆ ಹೊದಿಸುವ ಬಟ್ಟೆಯನ್ನು ಹೆಂಡತಿ ತನ್ನ ಹೊಲಿಗೆ ಮಿಷನ್ನಿನಲ್ಲಿ ಹೊಲಿದುಕೊಟ್ಟಳು. ಒಂಬತ್ತನೇ ವರ್ಷಕ್ಕೆ ಎಲ್ಲ ಕೂಡಿಬಂದು, ಇಂಜಿನ್ನಿನಿಂದ ಆಯಿಲ್ ಕೂಲರಿಗೆ ಹೋಗುವ ಮೊಳದುದ್ದದ ಪೈಪೊಂದೇ ಬಾಕಿ ಉಳಿಯಿತು.

ಆ ಮೊಳದುದ್ದಕ್ಕೆ ಎರಡು ತಿಂಗಳು ಹಿಡಿಯಿತು. ರಬ್ಬರು ಬೇಡ, ಬಿಸಿಗೆ ಸೀಳುತ್ತದೆ. ಅಲ್ಯೂಮಿನಿಯಂ ಬೇಡ, ಪಾತ್ರೆ ಅಂಗಡಿ ನೆನಪಾಗುತ್ತದೆ. ಬಲ್ಲವರೆಲ್ಲ ಹಾಕುವುದು ಉಕ್ಕಿನ ತಂತಿ ಹೆಣೆದ ಬಾಗುವ ಪೈಪನ್ನು. ಅದನ್ನು ಕಂಡು ಮೇಸ್ತ್ರಿಗಳು, "ಒಳ್ಳೇ ಶವರ್ ಪೈಪು ಇದ್ದ ಹಾಗಿದೆ" ಎಂದು ಮೂಗು ಮುರಿದರು. ಕೊನೆಗೆ ಗೆದ್ದಿದ್ದು ತಾಮ್ರ. ಅದನ್ನು ಮೂರು ಕಡೆ ನಾಜೂಕಾಗಿ ಬಗ್ಗಿಸಿ, ಹಳೇ ಬನಿಯನ್ನಿನಿಂದ ಉಜ್ಜಿ ಉಜ್ಜಿ, ತಮ್ಮ ಮೀಸೆ ಕಾಣುವಷ್ಟು ಹೊಳಪು ತಂದರು.

ಡಿಪೋದಲ್ಲಿ ಯಾರಾದರೂ ಆಯಿಲ್ ಲೈನಿಗೆ ತಾಮ್ರ ಹಾಕಿದ್ದು ಕಂಡರೆ ಇದೇ ಮಹಾನುಭಾವರು ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದರು. "ಇಂಜಿನ್ ನಡುಗುತ್ತೆ, ಬಾಡಿ ನಡುಗಲ್ಲ. ಮಧ್ಯ ಸಿಕ್ಕಿಹಾಕಿಕೊಂಡ ತಾಮ್ರ ಪೆಡಸಾಗಿ ಬಿರಿಯುತ್ತೆ ಕಣಯ್ಯಾ! ಆಯಿಲ್ ಸೋರಿಹೋದ್ರೆ ಇಂಜಿನ್ ಹಿಡ್ಕೊಳ್ಳುತ್ತೆ!" ಬಸ್ಸಾದರೆ ರಸ್ತೆ ಬದಿಗೆ ನಿಂತೀತು. ಆಕಾಶದಲ್ಲಿ ರಸ್ತೆ ಬದಿ ಯಾರಿಟ್ಟಿದ್ದಾರೆ? ಆದರೆ ಉಪದೇಶವೆಲ್ಲ ಬೇರೆಯವರ ಇಂಜಿನ್ನಿಗೆ. ತಮ್ಮದಕ್ಕೆ ಅಂದಚಂದ ಸಾಕು.

ಮೊದಲ ಹಾರಾಟಕ್ಕೆ ನಾಲ್ಕು ದಿನವಿತ್ತು. ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಹಿಡಿದು ಶೆಡ್ಡಿಗೆ ಬಂದವಳು, ಖಾಲಿ ಸೀಟಿನ ಮೇಲಿನ ಧೂಳು ಒರೆಸಿದಳು.

"ರೀ, ನಾನೂ ಬರ್ತೀನಿ."

ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳನ್ನು ಕರೆದಿರಲಿಲ್ಲ ಎಂಬುದು ಮೇಸ್ತ್ರಿಗಳಿಗೆ ಆಗಲೇ ಹೊಳೆದದ್ದು. ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

"ಮೊದಲ್ನೇ ದಿನ ಒಬ್ಬನೇ ಹೋಗ್ಬೇಕು ಕಣೇ. ರೂಲ್ಸು."

"ಸರಿ ಬಿಡಿ. ಅದೆಲ್ಲ ಮುಗಿದ ಮೇಲೆ ಕರ್ಕೊಂಡು ಹೋಗಿ."

"ಧಾರಾಳವಾಗಿ. ಅಷ್ಟೊತ್ತಿಗೆ ಈ ಪೈಪು ಬದಲಾಯಿಸಿರ್ತೀನಿ."

"ಯಾಕೆ, ಇದಕ್ಕೇನಾಗಿದೆ?"

"ಏನಿಲ್ಲ. ನೀನು ಕೂತ್ಮೇಲೆ ಹೆಚ್ಚುಕಮ್ಮಿ ಆಗ್ಬಾರದಲ್ಲ."

ಹೇಳಿದ ಮೇಲೆ ಗೊತ್ತಾಯಿತು, ಬಾಯಿಂದ ಏನು ಬಿತ್ತು ಅಂತ. ಹೆಂಡತಿ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು.

"ಮತ್ತೆ ಮೊದಲ್ನೇ ದಿನ ಹೋಗೋರು ಯಾರ ಗಂಡ?"

ಮೂವತ್ತೊಂದು ವರ್ಷ ಡಿಪೋವನ್ನೇ ನಡುಗಿಸಿದ ಮೇಸ್ತ್ರಿಗಳು ಕಾಫಿಯನ್ನೂ ಮುಟ್ಟದೆ ಪೈಪು ಬಿಚ್ಚತೊಡಗಿದರು.